ಕೆಮ್ಮಣ್ಣಿನ ಮೇಲೇಕೆ ಈ ತಾತ್ಸಾರ?

ನಮ್ಮ ಕಲ್ಯಾಣ ನಗರದಲ್ಲಿ ಈಗ ಮಣ್ಣೂ ಚೀಲದಲ್ಲಿ ಬರುತ್ತದೆ. ಮನೆಯ ಮುಂದಿನ ಕೆಮ್ಮಣ್ಣಿಗೆ ಟೈಲ್ಸ್ ಹಾಸಿ, ತಾರಸಿಯ ಕುಂಡಗಳಿಗೆ ಕಪ್ಪನೆಯ ಮಿಶ್ರಣವನ್ನು ದುಡ್ಡು ಕೊಟ್ಟು ತರುತ್ತೇವೆ. ಕೇಳಿದರೆ, "ಕೆಂಪು ಮಣ್ಣಲ್ಲಿ ಸತ್ವ ಇಲ್ಲ ರೀ, ಕಪ್ಪಗಿದ್ದರೇ ಒಳ್ಳೆಯದು" ಎಂಬ ಉತ್ತರ ಸಿದ್ಧ. ಸೊಸೆ ಬೆಳ್ಳಗಿರಬೇಕು, ಮಣ್ಣು ಕಪ್ಪಗಿರಬೇಕು! ಬಣ್ಣ ನೋಡಿ ತೀರ್ಪು ಕೊಡುವ ಚಟ ಎರಡು ಕಡೆಯೂ ಒಂದೇ.

ನಮ್ಮ ಮಣ್ಣಿನ ಕೆಂಪು ಕಬ್ಬಿಣದ್ದು. ಲಾಲ್‌ಬಾಗಿನ ಬಂಡೆಯಂಥ, ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಸವೆದು ಮಣ್ಣಾಗುವಾಗ ಅದರೊಳಗಿನ ಕಬ್ಬಿಣ ಗಾಳಿ ತಾಗಿ ತುಕ್ಕು ಹಿಡಿಯಿತು. ಮಣ್ಣಿನಲ್ಲಿ ಗಾಳಿಯಾಡುತ್ತದೆ, ನೀರು ಬಸಿದು ಹೋಗುತ್ತದೆ ಎಂಬುದಕ್ಕೆ ಆ ಕೆಂಪೇ ಸಾಕ್ಷಿ. ಬಡಾವಣೆ ಏಳುವ ಮೊದಲು ಈ ಸೀಮೆ ರಾಗಿ, ಅವರೆ ಬೆಳೆದದ್ದು ಇದರಲ್ಲೇ. ಧಾರವಾಡ, ರಾಯಚೂರು ಕಡೆಯ ಎರೆಮಣ್ಣನ್ನು ಕಂಡು ಕರುಬಬೇಕಿಲ್ಲ. ಅದರ ಕಪ್ಪು ಬಹುಮಟ್ಟಿಗೆ ಅದರ ಜೇಡಿಯ ಗುಣ. ಸಾವಯವ ಅಂಶ ಕಡಿಮೆಯಿರುವ ಎರೆಹೊಲಗಳು ಬೇಕಾದಷ್ಟಿವೆ. ಚೀಲದ ಮಿಶ್ರಣಗಳಲ್ಲಿ ಸಾಮಾನ್ಯವಾಗಿ ಸೇರುವ ತೆಂಗಿನ ನಾರಿನ ಪುಡಿಯೂ ನೀರು ಹಿಡಿದಿಟ್ಟೀತು, ಅದರಲ್ಲಿ ಗಿಡಕ್ಕೆ ಊಟ ಅಲ್ಪ.

ಮಣ್ಣಿನ ಆರೋಗ್ಯ ತಿಳಿಯಲು ಊರಿಂದೂರಿನ ಬಣ್ಣ ಹೋಲಿಸಬಾರದು. ಒಂದೇ ಜಾಗದ ಮೇಲ್ಮಣ್ಣನ್ನೂ ಕೆಳಮಣ್ಣನ್ನೂ ಹೋಲಿಸಬೇಕು. ದಾಸವಾಳದ ಗಿಡದ ಪಕ್ಕ ಒಂದು ಗೇಣು ಅಗೆಯಿರಿ. ಮೇಲಿನದೊಂದು ಹಿಡಿ, ತಳದ್ದೊಂದು ಹಿಡಿ ತೆಗೆದು, ನೀರು ಚಿಮುಕಿಸಿ, ಹಗಲು ಬೆಳಕಿನಲ್ಲಿ ನೋಡಿ. ಮೇಲಿನದು ಹೆಚ್ಚು ಕಂದಾಗಿದ್ದರೆ ಎಲೆ ಕೊಳೆತು ಸೇರಿದೆ. ಎರಡೂ ಒಂದೇ ಕೆಂಪಾಗಿದ್ದರೆ ಮಣ್ಣು ಹಸಿದಿದೆ, ಇಲ್ಲವೇ ಮೇಲ್ಮಣ್ಣು ಕೊಚ್ಚಿಹೋಗಿದೆ. ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆಗಳಿದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಬೇರಿಗೆ ಉಸಿರಿಲ್ಲ. ಮೇಲೆ ಬಿಳಿಯ ಹೊಪ್ಪಳಿಕೆ ಕಂಡರೆ ಗಡಸು ನೀರಿನ ಉಪ್ಪು ಕೂತಿರಬಹುದು.

ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ಸಾರಜನಕ, ರಂಜಕ, ಆಮ್ಲತೆಗಳನ್ನು ಕಣ್ಣು ಅಳೆಯಲಾರದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಗೆ 12 ಅಂಶಗಳನ್ನು ಪ್ರಯೋಗಾಲಯದಲ್ಲಿ ನೋಡುವುದು ಅದಕ್ಕೇ. ಆದರೆ ವಿಜ್ಞಾನಿಗಳೂ ಹೊಲಕ್ಕಿಳಿದಾಗ, ಮನ್ಸೆಲ್ ಎಂಬ ಅಮೆರಿಕದ ಕಲಾವಿದನ ಹೆಸರಿನ ಬಣ್ಣದ ಪುಸ್ತಕವನ್ನು ಮಣ್ಣಿನ ಪಕ್ಕ ಹಿಡಿದು ನೋಡುತ್ತಾರೆ. ಸೀರೆಯ ಅಂಚು ಹಿಡಿದು ಹತ್ತು ಅಂಗಡಿ ಅಲೆದು ರವಿಕೆಯ ಬಣ್ಣ ಹೊಂದಿಸುವ ನಮಗೆ ಇದು ಬಾರದ ವಿದ್ಯೆಯೇ?

ಶಾಲೆಗಳಲ್ಲಿಯೂ ಮಣ್ಣಿನ ವಿಧಗಳು ಬಾಯಿಪಾಠವಾಗಿ, ಅಂಕವಾಗಿ ಮುಗಿಯುತ್ತವೆ. ಅಂಗಳದಲ್ಲಿ ಒಂದು ಗುಂಡಿ ತೋಡಿಸುವವರಿಲ್ಲ. ಹೀಗೆ ಬೆಳೆದ ಮಕ್ಕಳು ಮಣ್ಣೆಂದರೆ ಕೊಳೆ ಎಂದುಕೊಂಡರೆ ತಪ್ಪು ಯಾರದು?

ಗೇಟಿನ ಬಳಿ ನಾಲ್ಕಡಿ ನೆಲವನ್ನಾದರೂ ಸಿಮೆಂಟಿನಿಂದ ಉಳಿಸಿ. ಗುಡಿಸಿದ ಎಲೆಗೆ ಬೆಂಕಿ ಇಡಬೇಡಿ. ತರಕಾರಿ ಸಿಪ್ಪೆಯೊಡನೆ ಅಲ್ಲೇ ಕೊಳೆಯಲು ಬಿಡಿ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಆ ಕೆಂಪಿನ ಮೇಲೆ ಕಂದು ಏರುತ್ತದೆ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.