ಬಿಸಿ ಎಂಜಿನ್ನೂ ನಮ್ಮ ಅವಸರವೂ

ಕಳೆದ ಮಾಘಮಾಸದಲ್ಲಿ ಮೂಡಿಗೆರೆಯ ಕಡೆಯ ಸದ್ಭಕ್ತರೊಬ್ಬರ ತೋಟದ ಮನೆಯಲ್ಲಿ ನಾವು ತಂಗಿದ್ದೆವು. ರೊಬಸ್ಟಾ ಕೊಯ್ಲು ಭರದಿಂದ ನಡೆದಿತ್ತು. ದೂರದ ತುಂಡಿನಿಂದ ಕಣಕ್ಕೆ ಹಣ್ಣು ಸಾಗಿಸಲು ಆ ಮನೆಯವರು ಪೆಟ್ರೋಲಿನ ಸಣ್ಣ ಲಾರಿಯೊಂದನ್ನು ಇಟ್ಟುಕೊಂಡಿದ್ದಾರೆ. ಬೆಳಗಿನ ಎರಡು ಸರದಿ ಮುಗಿಸಿ ಬಂದ ಲಾರಿಯು ಏರಿನಲ್ಲಿ ತೊದಲುತ್ತಿದೆಯೆಂದೂ, ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದರೆ ಸರಿಹೋದೀತೆಂದೂ ಮನೆಯ ಮಗ ಹೇಳಿದನು. ಅದೇ ಲಾರಿಯಲ್ಲಿ ನಾವು ಕೊಟ್ಟಿಗೆಹಾರದ ಮಾರ್ಗವಾಗಿ ಕಳಸಕ್ಕೆ, ಒಂದು ಗೃಹಪ್ರವೇಶಕ್ಕೆ ಹೋಗಬೇಕಾಗಿತ್ತು. ಎಂಜಿನ್ನು ಆರಲು ಎರಡು ತಾಸಾದರೂ ಬೇಕೆಂದು ಹುಡುಗನು ವಿನಯದಿಂದಲೇ ಅರಿಕೆ ಮಾಡಿಕೊಂಡನು. ಮುಹೂರ್ತ ಮೀರುತ್ತದಪ್ಪಾ, ಈಗಲೇ ಮಾಡು ಎಂದೆವು ನಾವು. ಹಿರಿಯರ ಮಾತನ್ನು ಅವನು ಮೀರಲಿಲ್ಲ.

ಹಳೆಯ ಪ್ಲಗ್ಗು ಕಿರುಗುಟ್ಟುತ್ತ ಹೊರಬಂದಿತು. ಹೊಸದು ಒಂದೂವರೆ ಸುತ್ತಿಗೆ ಬಿಗಿಯಿತು. ಪಾನಾ ಉದ್ದವಾಗಿದ್ದುದರಿಂದ ಹುಡುಗನು ಬಲ ಹಾಕಿದನು. ಪಾನಾ ಥಟ್ಟನೆ ಹಗುರವಾಯಿತು. ಥ್ರೆಡ್ಡು ಹೋಗಿತ್ತು. ತಂದೆಯವರು ಅಂಗಳಕ್ಕೆ ಬಂದು ಕೆಲಸದಾಳುಗಳೆದುರಿಗೇ ಮಗನನ್ನು ಗದರಿದರು. ಆಗ ನಾವು ಬಾಯಿ ತೆರೆಯಲಿಲ್ಲ. ಸಂಜೆ ಅವರನ್ನು ಪ್ರತ್ಯೇಕವಾಗಿ ಕರೆದು ನಡೆದುದನ್ನು ತಿಳಿಸಿದೆವಾದರೂ, ಹತ್ತು ಜನರೆದುರಿನ ಗದರಿಕೆಗೆ ಒಬ್ಬರೆದುರಿನ ಸಮಜಾಯಿಷಿ ಸಾಟಿಯಾಗದು. ಆದುದರಿಂದ ಈ ತಿಂಗಳ ಅಂಕಣ.

ಲಾರಿಗೆ ಎಲ್ಲಿಯ ಸ್ಪಾರ್ಕ್ ಪ್ಲಗ್ಗು ಎಂದು ಕೆಲವು ಓದುಗರು ಕೇಳಬಹುದು. ದೊಡ್ಡ ಲಾರಿಗಳೆಲ್ಲ ಡೀಸೆಲಿನವು. ಅಲ್ಲಿ ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಆದರೆ ಈಚಿನ ವರ್ಷಗಳಲ್ಲಿ ಪೆಟ್ರೋಲು ಮತ್ತು ಗ್ಯಾಸಿನ ಸಣ್ಣ ಲಾರಿಗಳು ಮಲೆನಾಡಿನ ಮನೆಗಳಿಗೂ ಬಂದಿವೆ. ತೋಟದಲ್ಲಿ ಕಳೆ ಸವರುವ ಯಂತ್ರದಲ್ಲಿಯೂ ಇದೇ ಪ್ಲಗ್ಗಿನ ಜಾತಿಯ ಚಿಕ್ಕದೊಂದಿದೆ.

ಪ್ಲಗ್ಗಿನ ಮೈ ಉಕ್ಕು. ಅದು ಕೂರುವ ಎಂಜಿನ್ನಿನ ಹೆಡ್ಡು ಇಂದು ಸಾಮಾನ್ಯವಾಗಿ ಅಲ್ಯೂಮಿನಿಯಂ. ಹಳೆಯ ಪೆಟ್ರೋಲ್ ಜೀಪುಗಳ ಎರಕದ ಕಬ್ಬಿಣದ ಹೆಡ್ಡು ಒರಟು ಕೈಯನ್ನು ಸಹಿಸುತ್ತಿತ್ತು, ಅಲ್ಯೂಮಿನಿಯಂ ಸಹಿಸದು. ಗಟ್ಟಿಯದೂ ಮೆತ್ತನೆಯದೂ ಸೆಣಸಿದರೆ ಸವೆಯುವುದು ಮೆತ್ತನೆಯದೇ. ಅಲ್ಲದೆ ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿ ಹೆಡ್ಡಿಗೆ ತಣ್ಣನೆಯ ಪ್ಲಗ್ಗನ್ನು ಬಿಗಿದರೆ, ಆರಿದ ಮೇಲೆ ಹೆಡ್ಡು ಕುಗ್ಗಿ ಅದನ್ನು ಕಚ್ಚಿ ಹಿಡಿಯುತ್ತದೆ. ಮುಂದಿನ ಸಲ ಬಿಚ್ಚುವಾಗ ಥ್ರೆಡ್ಡಿನ ಗೆರೆಗಳನ್ನೂ ಕಿತ್ತುಕೊಂಡೇ ಬರುತ್ತದೆ. ಮಳೆಗಾಲದ ತೇವವು ಈ ಎರಡು ಲೋಹಗಳ ನಡುವೆ ಸೇರಿ ತುಕ್ಕಿನಂತಹ ಬೆಸುಗೆಯನ್ನು ಬೆಳೆಸುವುದೂ ಉಂಟು. ಕೊಟ್ಟಿಗೆಹಾರದ ಮಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೆಡ್ಡನ್ನು ದುರಸ್ತಿ ಮಾಡಿದ ವಯೋವೃದ್ಧ ಮೆಕ್ಯಾನಿಕರು ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ರಮವನ್ನು ತೋರಿಸಿದರು. ನಮ್ಮ ಗುರುಗಳು ವ್ಯಾಕರಣ ಹೇಳಿಕೊಟ್ಟಾಗಲೂ ನಾವು ಅಷ್ಟು ತಗ್ಗಿ ಕುಳಿತಿರಲಿಲ್ಲವೇನೋ. ಕೈಯಿಟ್ಟರೆ ಸುಡದಷ್ಟು ಎಂಜಿನ್ನು ಆರಿರಬೇಕು. ಪ್ಲಗ್ಗಿನ ಸುತ್ತಣ ಕುಳಿಯಲ್ಲಿ ತೋಟದ ರಸ್ತೆಯ ಕೆಂಪು ಧೂಳು ತುಂಬಿರುತ್ತದೆ. ಬಿಚ್ಚುವ ಮೊದಲೇ ಅದನ್ನು ಗಾಳಿಯಿಂದ ಊದಿಸಬೇಕು, ಇಲ್ಲವಾದರೆ ಧೂಳು ಸಿಲಿಂಡರಿನೊಳಕ್ಕೆ ಬೀಳುತ್ತದೆ. ಬಿಗಿಯಾದ ಪ್ಲಗ್ಗನ್ನು ಒಂದೇ ಎಳೆತಕ್ಕೆ ತಿರುಗಿಸದೆ, ತುಸು ಸಡಿಲಿಸಿ, ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಹನಿ ಬಿಟ್ಟು, ಕಾದು, ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ತೆಗೆಯಬೇಕು. ಅಮೆರಿಕಾದಲ್ಲಿ 2004ರಿಂದ 2008ರವರೆಗಿನ ಫೋರ್ಡ್ ಟ್ರಕ್ಕುಗಳ 5.4 ಲೀಟರ್ ಎಂಜಿನ್ನುಗಳಲ್ಲಿ ಪ್ಲಗ್ಗಿನ ತುದಿ ಮಸಿಗೆ ಅಂಟಿಕೊಂಡು, ಬಿಚ್ಚುವಾಗ ಮುರಿದು ಒಳಗೇ ಉಳಿಯುತ್ತಿತ್ತು. ಸ್ವಲ್ಪ ಸಡಿಲಿಸಿ, ಮಸಿ ಕರಗಿಸುವ ದ್ರಾವಕ ಹಾಕಿ ನೆನೆಯಲು ಬಿಡಿರೆಂದು ಕಂಪೆನಿಯೇ ಮೆಕ್ಯಾನಿಕರಿಗೆ ಸೂಚನೆ ಹೊರಡಿಸಬೇಕಾಯಿತು.

ಹೊಸ ಪ್ಲಗ್ಗನ್ನು ಕೂರಿಸುವುದೇ ನಿಜವಾದ ಪರೀಕ್ಷೆ. ಮೆಕ್ಯಾನಿಕರು ಗೇಣುದ್ದದ ರಬ್ಬರ್ ಕೊಳವೆಯೊಂದನ್ನು ಪ್ಲಗ್ಗಿನ ಪಿಂಗಾಣಿ ತಲೆಗೆ ತೊಡಿಸಿ, ಅದರಿಂದಲೇ ಕುಳಿಯೊಳಗೆ ಇಳಿಸಿದರು. ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸಿದರು. ಗೆರೆಯ ತುದಿ ತುದಿಗೆ ಬಂದಾಗ ಪ್ಲಗ್ಗು ಚಿಟಕ್ಕೆಂದು ತುಸು ಕೆಳಗಿಳಿಯಿತು. ಅಲ್ಲಿಂದ ಬಲಕ್ಕೆ. ನೇರವಾಗಿ ಕೂತಿದ್ದರೆ ಬೆರಳಿನ ಬಲಕ್ಕೇ ತಳದವರೆಗೆ ಹೋಗುತ್ತದೆ. ಓರೆಯಾಗಿ ಹತ್ತಿದ್ದರೆ ರಬ್ಬರು ತಾನೇ ಜಾರುತ್ತದೆ, ಥ್ರೆಡ್ಡನ್ನು ಕೆಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಉಪಕರಣವು ದುರ್ಬಲವಾಗಿರುವುದೇ ಇಲ್ಲಿ ಗುಣವೆಂಬುದು ನಮಗೆ ಬಹಳ ಹಿಡಿಸಿತು.

ಪಾನಾ ಬೇಕಾಗುವುದು ಕೊನೆಯ ಬಿಗಿತಕ್ಕೆ ಮಾತ್ರ. ವಾಷರ್ ಇರುವ 14 ಮಿಲಿಮೀಟರಿನ ಹೊಸ ಪ್ಲಗ್ಗಾದರೆ, ಬೆರಳಿಗೆ ತಾಗಿ ನಿಂತ ಮೇಲೆ ಅರ್ಧ ಸುತ್ತಿನಿಂದ ಮೂರನೆಯ ಎರಡು ಸುತ್ತು. ವಾಷರ್ ಇಲ್ಲದೆ ಇಳಿಜಾರು ಪೀಠದ ಮೇಲೆ ಕೂರುವ ಪ್ಲಗ್ಗಿಗೆ ಹದಿನಾರನೆಯ ಒಂದು ಸುತ್ತು ಸಾಕು. ಅದಕ್ಕೂ ಅರ್ಧ ಸುತ್ತು ಹಾಕಿದವರು ಹೆಡ್ಡನ್ನು ಕಳೆದುಕೊಳ್ಳುತ್ತಾರೆ. ಬಲ ಅಳೆಯುವ ಟಾರ್ಕ್ ಪಾನಾ ಇದ್ದರೆ ವಾಹನದ ಕೈಪಿಡಿಯ ಅಂಕಿಯನ್ನು ಅನುಸರಿಸಬೇಕು. ಇನ್ನು, ಥ್ರೆಡ್ಡಿಗೆ ಗ್ರೀಸು ಹಚ್ಚುವ ನಮ್ಮ ಕಡೆಯ ಅಭ್ಯಾಸ: ಲೋಹದ ಲೇಪವಿರುವ ಇಂದಿನ ಪ್ಲಗ್ಗುಗಳಿಗೆ ಅದು ಬೇಡವೆಂದು ತಯಾರಕರೇ ಹೇಳುತ್ತಾರೆ. ಜಾರಿಕೆ ಹೆಚ್ಚಿದರೆ ಅಷ್ಟೇ ಬಲಕ್ಕೆ ಪ್ಲಗ್ಗು ಮಿತಿಮೀರಿ ಬಿಗಿಯುತ್ತದೆ.

ಕೆಟ್ಟ ಥ್ರೆಡ್ಡಿಗೂ ಪರಿಹಾರವಿದೆ. ರಂಧ್ರವನ್ನು ತುಸು ಹಿಗ್ಗಿಸಿ, ಹೊಸ ಗೆರೆ ಕೊರೆದು, ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸಿದರೆ ಪ್ಲಗ್ಗಿಗೆ ಮೊದಲಿನ ಅಳತೆಯೇ ದೊರೆಯುತ್ತದೆ. ಕೊರೆಯುವಾಗ ಲೋಹದ ಚೂರು ಒಳಗೆ ಬೀಳಬಾರದೆಂದು ನಮ್ಮ ಮೆಕ್ಯಾನಿಕರು ಹೆಡ್ಡನ್ನೇ ಇಳಿಸಿಕೊಂಡರು. ಅದಕ್ಕೆ ಎಂಟು ದಿನ ಹಿಡಿಯಿತು. ಕೊಯ್ದ ಹಣ್ಣನ್ನು ಚೀಲದಲ್ಲಿ ರಾಶಿಯಾಗಿಟ್ಟರೆ ಹುಳಿಯುತ್ತದಾದ್ದರಿಂದ ಆ ಎಂಟು ದಿನವೂ ಬಾಡಿಗೆ ಗಾಡಿ ತಿರುಗಿತು. ಅದರ ವೆಚ್ಚವನ್ನು ನಮಗೆ ತಿಳಿಸಲು ಮನೆಯವರು ಒಪ್ಪಲಿಲ್ಲ.

ಗೃಹಪ್ರವೇಶವು ನಮಗೆ ತಪ್ಪಿತು. ಈ ಸಂಚಿಕೆಯ ಒಂದು ಪ್ರತಿಯನ್ನು ಆ ಹುಡುಗನ ಹೆಸರಿಗೇ ಕಳುಹಿಸುವಂತೆ ಸಂಪಾದಕರನ್ನು ಕೇಳಿಕೊಂಡಿದ್ದೇವೆ. ಅದನ್ನು ಅವನ ತಂದೆಯವರು ಅದೇ ಅಂಗಳದಲ್ಲಿ, ಅದೇ ಆಳುಗಳೆದುರಿಗೆ ಓದಿಸಬೇಕೆಂದು ನಮ್ಮ ಕೋರಿಕೆ.