ಹಾಡಿಗೂ ಮುಂಚೆ ಬೀದಿಯಲ್ಲಿ ಯಾರಿದ್ದರು?

ಲಂಡನ್ನಿನ ಪಂಕ್ ತಂಡ ‘ದಿ ಕ್ಲ್ಯಾಶ್’ನ ಅಭಿಮಾನಿ ಸಂಗಾತಿಗಳೇ, ‘ವೈಟ್ ರಾಯಟ್’ ಹಾಡಿನ ಬಗ್ಗೆ ನಿಮ್ಮ ಚರ್ಚೆ ಮುಗಿಯೋದೇ ಇಲ್ಲ. ಜೋ ಸ್ಟ್ರಮ್ಮರ್ ಜನಾಂಗದ್ವೇಷಿಯಾ ಅಂತ ಪದ ಪದ ಬಿಡಿಸಿ ನೋಡ್ತೀರಿ. ಖಂಡಿತ ಅಲ್ಲ. ಕಪ್ಪು ಜನರ ಹಾಗೆ ಬಿಳಿ ಹುಡುಗರೂ ವ್ಯವಸ್ಥೆಯ ವಿರುದ್ಧ ಏಳಲಿ ಅಂತಲೇ ಆತ ಬರೆದದ್ದು. 1978ರಲ್ಲಿ ಜನಾಂಗದ್ವೇಷದ ವಿರುದ್ಧ ವಿಕ್ಟೋರಿಯಾ ಪಾರ್ಕಿನಲ್ಲಿ ಹಾಡಿದ್ದೂ ಇದೇ ತಂಡ. ಗೌರವಿಸೋಣ.

ಆದರೆ 1976ರ ಆಗಸ್ಟಿನಲ್ಲಿ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ ಪೊಲೀಸರಿಗೆ ಎದುರು ನಿಂತವರು ಯಾರು? ಕಪ್ಪು ಯುವಕರು. ಬರೀ ಅನುಮಾನದ ಮೇಲೆ ಅವರನ್ನು ಹಿಡಿಯೋಕೆ ಪೊಲೀಸರ ಕೈಲಿ 1824ರ ಅಲೆಮಾರಿ ಕಾಯ್ದೆ ಇತ್ತು. ಸ್ಟ್ರಮ್ಮರ್ ಕೂಡ ಅಂದು ಅಲ್ಲಿದ್ದ. ಆದರೆ ಆ ಕಾಯ್ದೆ ದಿನಾ ಹುಡುಕ್ತಿದ್ದದ್ದು ಅವನ ಬಣ್ಣವನ್ನಲ್ಲ. ನಿಮ್ಮ ಚರ್ಚೆಯಲ್ಲಿ ಈ ಕಾಯ್ದೆ ಎಷ್ಟು ಸಲ ಬಂತು? ‘ಪೊಲೀಸ್ ಅಂಡ್ ಥೀವ್ಸ್’ ಅಂದ್ರೆ ಕ್ಲ್ಯಾಶ್ ಅಂತೀರಿ. ಮೊದಲು ಹಾಡಿದ ಜಮೈಕಾದ ಜೂನಿಯರ್ ಮರ್ವಿನ್ ಎಲ್ಲಿ ಹೋದರು?

ಏಟು ತಿಂದವರು ಹಾಡಿನ ಹಿನ್ನೆಲೆ, ನೋಡಿ ಹಾಡಿದವರು ನಾಯಕರು. ಈ ಲೆಕ್ಕ ನಮಗೇನು ಹೊಸದಾ? ದಲಿತರ ನೋವಿನ ಬಗ್ಗೆ ಬೇರೆಯವರು ಬರೆದರೆ ವಿಚಾರ ಸಂಕಿರಣ. ನೋವುಂಡವರಿಗೆ ಅಲ್ಲಿ ಹಿಂದಿನ ಸಾಲಿನ ಕುರ್ಚಿ!

ಹಾಡು ಬಿಡಿಸಿ ನೋಡಿ, ಬೇಡ ಅನ್ನಲ್ಲ. ಆದರೆ ಹಾಡಿದವನ ಮನಸ್ಸಲ್ಲಿ ಏನಿತ್ತು ಅಂತ ಕೇಳೋ ಮುಂಚೆ, ಲಾಠಿ ಯಾರ ಮೈಮೇಲೆ ಬಿತ್ತು ಅಂತ ಕೇಳಿ.

ಜೈ ಭೀಮ್.