ಬೆಳ್ಳಟ್ಟಿ ಹೊಲದಾಗ 20 ಮೀಟರ್ ತಂತಿ

ಕ್ಯಾಂಪಿಂಗ್ ಅಂದರೆ ನಮ್ಮ ಹಾಸ್ಟೆಲ್ ಮಂದಿಗೆ ಟೆಂಟು, ಮ್ಯಾಗಿ, ಬ್ಲೂಟೂತ್ ಸ್ಪೀಕರ್. ಮ್ಯಾಗಿ ಇರಲಿ. ಸ್ಪೀಕರ್ ಬಿಟ್ಟು ಹ್ಯಾಮ್ ರೇಡಿಯೊ ಒಯ್ಯೋಣ ಅನ್ನೋದು ನಮ್ಮ ವಾದ.

ಜಾಗ ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ. ಕಪ್ಪತಗುಡ್ಡದ ಮೇಲೇ ಹೋಗೋಣ ಅಂತೀರಿ. 2019ರಿಂದ ಅದು ವನ್ಯಜೀವಿಧಾಮ, ಮನಸ್ಸಿಗೆ ಬಂದಲ್ಲಿ ಟೆಂಟ್ ಹೊಡೆಯೋ ಜಾಗ ಅಲ್ಲ. ಎತ್ತರ ಬೇಕಾಗೋದು ವಿಎಚ್‌ಎಫ್ ಹ್ಯಾಂಡ್‌ಸೆಟ್ಟಿಗೆ. 7 ಮೆಗಾಹರ್ಟ್ಸ್ ಅಲೆ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಬಾಗಿ ಕೆಳಗಿಳಿಯುತ್ತದೆ. ಹಗಲು ಹೊತ್ತು ನೂರಾರು ಕಿಲೋಮೀಟರ್ ಮಾತಾಡಲು ಕೊಯ್ಲಾದ ಹೊಲ ಸಾಕು, ಹೊಲದವರ ಒಪ್ಪಿಗೆ ಇರಬೇಕು ಅಷ್ಟೆ.

ಹಾಫ್‌ವೇವ್ ಡೈಪೋಲ್ ಪ್ಯಾಟರ್ನ್ ಬರೆದು ಮಾರ್ಕ್ಸ್ ತಗೊಂಡವರು ನಾವು. ತಂತಿ ಕತ್ತರಿಸಿದವರು ಎಷ್ಟು ಮಂದಿ? 7.1 ಮೆಗಾಹರ್ಟ್ಸ್‌ಗೆ ತರಂಗಾಂತರ ಸುಮಾರು 42 ಮೀಟರ್, ಅರ್ಧ 21, ತುದಿಯ ಪರಿಣಾಮ ಕಳೆದರೆ 20. ಹತ್ತತ್ತು ಮೀಟರಿನ ಎರಡು ತುಂಡು, ನಡುವೆ ಬಿದಿರು, ತುದಿಗಳಿಗೆ ನೈಲಾನ್ ಹಗ್ಗ. ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ನೋಡ್ತಾ ಇಂಚಿಂಚು ಕತ್ತರಿಸೋದು. ಪುಸ್ತಕದಾಗ ಇಲ್ಲದ ಪಾಠ ಅಲ್ಲೇ ಶುರು. 5 ವಾಟ್ ಸೆಟ್ಟಿಗೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದು ದಿನ ಎಳೀತದೆ. ಹಾಸ್ಟೆಲ್‌ನಲ್ಲಿ ಚಾರ್ಜರ್, ಎಲ್‌ಇಡಿ ಬಲ್ಬುಗಳ ಗದ್ದಲದಾಗ ಮುಳುಗೋ ದನಿ ಲೈನಿನಿಂದ ದೂರದ ಹೊಲದಾಗ ಸ್ಪಷ್ಟ ಕೇಳ್ತದೆ. ಮೋಡ ಗುಡುಗಿದರೆ ಮಾತ್ರ ತಂತಿ ಮೊದಲು ಇಳಿಸಬೇಕು.

ಮೊಬೈಲ್ ಇರುವಾಗ ಇದ್ಯಾಕೆ ಅನ್ನೋರಿಗೆ 2004ರ ಡಿಸೆಂಬರ್ 26 ಹೇಳಬೇಕು. ಹ್ಯಾಮ್ ಭಾರತಿ ಪ್ರಸಾದ್ ಮತ್ತು ತಂಡ ಹವ್ಯಾಸಕ್ಕಂತಲೇ ಪೋರ್ಟ್ ಬ್ಲೇರ್‌ಗೆ ಸ್ಟೇಷನ್ ಒಯ್ದಿತ್ತು. ಸುನಾಮಿಯಲ್ಲಿ ಫೋನ್ ಸತ್ತವು. ಅಂಡಮಾನಿನ ಸುದ್ದಿ ಹೊರಗೆ ಮುಟ್ಟಿಸಿದ್ದು ಅದೇ ಸೆಟ್ಟುಗಳು. ದೂರ ಒಯ್ದು ಹಚ್ಚಿ ರೂಢಿಯಿದ್ದವರಿಗೇ ಆ ಹೊತ್ತಿನಾಗ ಕೈ ನಡೀತದೆ.

ಒಂದು ಮಾತು ಕಟ್ಟುನಿಟ್ಟು. ಆನ್‌ಲೈನ್‌ನಲ್ಲಿ ಹ್ಯಾಂಡ್‌ಸೆಟ್ ತರಿಸಿ ಲೈಸೆನ್ಸಿಲ್ಲದೆ ಪಿಟಿಟಿ ಒತ್ತೋದು ಕ್ಯಾಂಪಿಂಗ್ ಅಲ್ಲ, ಕಾನೂನುಬಾಹಿರ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಇದೆ; ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಕೂಡ ಬೇಡ. ಹನ್ನೆರಡು ತುಂಬಿದ ಮಕ್ಕಳು ಬರೆಯೋ ಪರೀಕ್ಷೆಗೆ ಇಸಿ ಹುಡುಗರು ಹೆದರೋದು ಚೆಂದ ಕಾಣಂಗಿಲ್ಲ. ಲೈಸೆನ್ಸಿನಲ್ಲಿ ಸ್ಟೇಷನ್ ವಿಳಾಸವೂ ಇರ್ತದೆ, ಹೊಲಕ್ಕೆ ಒಯ್ಯೋ ಮೊದಲು ಷರತ್ತು ಓದಿಕೊಳ್ರಿ.

ಈ ಸೆಮಿಸ್ಟರ್ ಅರ್ಜಿ ಹಾಕೋರು ನಮ್ಮ ಸಂಘದಾಗ ಹೆಸರು ಕೊಡ್ರಿ. ಬಿದಿರು ನಾವು ತರ್ತೀವಿ, ತಂತಿಗೆ ಲ್ಯಾಬ್‌ನವರನ್ನ ಕೇಳೋಣ.